ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರಲ್ಲದವರು: ಬಾಲ್ಟಿಮೋರಿನ ಒಂದು ಇತಿಹಾಸ

ಐದು ವರ್ಷಗಳ ಹಿಂದಿನ ಮಾತು. ನೀಟ್ ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಅಂಕಪಟ್ಟಿಯ ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನಮ್ಮ ಶಾಲೆಗೆ ಬಂದಿದ್ದರು. ಅವರು ಬೇಕರಿಯಲ್ಲಿ ಕೆಲಸ ಮಾಡುವವರು. ಮಗಳಿಗೆ ಸರಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಖಾಸಗಿ ಸೀಟಿನ ಮಾತೇ ಇರಲಿಲ್ಲ. "ಮಾಸ್ಟರ್ ಸಾಬ್, ಇನ್ನು ನಮ್ಮ ಹುಡುಗಿಗೆ ಮೆಡಿಕಲ್ ಕಾಲೇಜಿನ ಬಾಗಿಲು ಮುಚ್ಚಿದ ಹಾಗೇ ಅಲ್ವಾ?" ಎಂದು ಕೇಳಿದರು. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. "ಹಾಗೇನಿಲ್ಲ" ಎಂದು ಬಾಯಿಮಾತಿಗೆ ಹೇಳಿ ಚಹಾ ಕುಡಿಸಿ ಕಳುಹಿಸಿದೆ. ಅವರು ಹೋದ ಮೇಲೆ ಆ ಬಾಯಿಮಾತು ನನ್ನನ್ನೇ ಚುಚ್ಚತೊಡಗಿತು.

ವೈದ್ಯಕೀಯ ಕಾಲೇಜೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿಳಿ ಕೋಟು, ಸ್ಟೆತಾಸ್ಕೋಪು. ಆದರೆ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯೊಳಗೆ ರಕ್ತದ ಮಾದರಿ ಪರೀಕ್ಷಿಸುವವರು, ಪ್ರಯೋಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವವರು, ರೋಗಿಗಳ ದಾಖಲೆ ಇಡುವವರು, ಗ್ರಂಥಪಾಲಕರು, ಅಂಕಿಅಂಶ ತಜ್ಞರು, ಚಿತ್ರ ಬರೆಯುವವರು, ಸಂಶೋಧನೆಗೆ ಬಂದ ಹಣದ ಲೆಕ್ಕ ಬರೆಯುವವರು, ನೈತಿಕ ಸಮಿತಿಯ ಕಡತ ನಡೆಸುವವರು ಹೀಗೆ ಡಾಕ್ಟರಲ್ಲದ ದೊಡ್ಡದೊಂದು ಸಮೂಹವೇ ಇರುತ್ತದೆ. ಈ ಹುದ್ದೆಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಒಂದು ಅಗತ್ಯ, ಒಬ್ಬ ವ್ಯಕ್ತಿಯ ಹಟ, ಕೆಲವೊಮ್ಮೆ ಒಂದು ದುರಂತ ಇದೆ. ಆ ಇತಿಹಾಸವನ್ನು ಒಂದೇ ಸಂಸ್ಥೆಯ ಮೂಲಕ ನೋಡಬೇಕೆಂದರೆ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಗಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ನನಗೆ ಅನಿಸಿದೆ.

ಜಾನ್ಸ್ ಹಾಪ್ಕಿನ್ಸ್ ಒಬ್ಬ ವ್ಯಾಪಾರಿ. (ಹೆಸರು 'ಜಾನ್' ಅಲ್ಲ, 'ಜಾನ್ಸ್' ಎಂದೇ, ಅದು ಅವರ ಮುತ್ತಜ್ಜಿಯ ಮನೆತನದ ಹೆಸರು. ನಮ್ಮವರು ಆಗಾಗ ತಪ್ಪು ಬರೆಯುತ್ತಾರೆ.) 1873ರಲ್ಲಿ ತೀರಿಕೊಂಡಾಗ ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಸೇರಿ 70 ಲಕ್ಷ ಡಾಲರು ಬಿಟ್ಟುಹೋದರು. 1876ರಲ್ಲಿ ವಿಶ್ವವಿದ್ಯಾಲಯ ತೆರೆಯಿತು, 1889ರಲ್ಲಿ ಆಸ್ಪತ್ರೆ ತೆರೆಯಿತು. ವೈದ್ಯಕೀಯ ಶಾಲೆ ಮಾತ್ರ ತೆರೆಯಲಿಲ್ಲ. ಕಾರಣ ಸರಳ: ದತ್ತಿಯ ಹಣವೆಲ್ಲ ಒಂದು ರೈಲ್ವೆ ಕಂಪೆನಿಯ ಷೇರುಗಳಲ್ಲಿ ಸಿಕ್ಕಿಕೊಂಡಿತ್ತು, ಆ ಕಂಪೆನಿ ಲಾಭಾಂಶ ಕೊಡುವುದನ್ನು ನಿಲ್ಲಿಸಿತು. ಪ್ರಾಧ್ಯಾಪಕರು ಇದ್ದರು, ಕಟ್ಟಡ ಇತ್ತು, ಕಾಸು ಇರಲಿಲ್ಲ. ಸಂಘ ಸಂಸ್ಥೆ ನಡೆಸಿದವರಿಗೆ ಈ ಸ್ಥಿತಿ ಹೊಸದೇನಲ್ಲ.

ಆಗ ಮುಂದೆ ಬಂದವರು ಹೆಂಗಸರು. ಅದೇ ರೈಲ್ವೆ ಕಂಪೆನಿಯ ಅಧ್ಯಕ್ಷರಾಗಿದ್ದವರ ಮಗಳು ಮೇರಿ ಎಲಿಜಬೆತ್ ಗ್ಯಾರೆಟ್ ಮತ್ತು ಅವರ ಗೆಳತಿಯರು ಊರೂರಿನಲ್ಲಿ ಸಮಿತಿ ಮಾಡಿ ಹಣ ಕೂಡಿಸಿದರು. ಬೇಕಾಗಿದ್ದ ಐದು ಲಕ್ಷ ಡಾಲರಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚಿನ ಭಾಗವನ್ನು 1892ರ ಕೊನೆಯಲ್ಲಿ ಗ್ಯಾರೆಟ್ ಒಬ್ಬರೇ ಕೊಟ್ಟರು. ಆದರೆ ಷರತ್ತಿನ ಮೇಲೆ ಕೊಟ್ಟರು. ಗಂಡಸರಿಗೆ ಯಾವ ನಿಯಮವೋ ಅದೇ ನಿಯಮದ ಮೇಲೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕು; ಸೇರುವವರು ಮೊದಲೇ ಪದವಿ ಪಡೆದಿರಬೇಕು, ವಿಜ್ಞಾನ ಓದಿರಬೇಕು, ಫ್ರೆಂಚ್ ಮತ್ತು ಜರ್ಮನ್ ತಿಳಿದಿರಬೇಕು. ಆ ಕಾಲದ ಅಮೆರಿಕದಲ್ಲಿ ಹಣ ಕಟ್ಟಿದ ಯಾರು ಬೇಕಾದರೂ ವೈದ್ಯಕೀಯ ಶಾಲೆ ಸೇರಬಹುದಾಗಿದ್ದುದನ್ನು ನೆನೆದರೆ ಇದೆಷ್ಟು ಕಠಿಣವೆಂದು ತಿಳಿಯುತ್ತದೆ. ಪ್ರಸಿದ್ಧ ವೈದ್ಯ ಆಸ್ಲರ್ ತಮ್ಮ ಸಹೋದ್ಯೋಗಿ ವೆಲ್ಚ್ ಅವರೊಡನೆ, ನಾವು ಪ್ರಾಧ್ಯಾಪಕರಾಗಿ ಒಳಗೆ ಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿ ಬರಲು ನಮ್ಮಿಂದ ಆಗುತ್ತಿರಲಿಲ್ಲ ಎಂಬರ್ಥದ ತಮಾಷೆ ಮಾಡಿದರೆಂದು ಹೇಳುತ್ತಾರೆ. 1893ರ ಅಕ್ಟೋಬರಿನಲ್ಲಿ ಶಾಲೆ ತೆರೆದಾಗ ಮೊದಲ ತರಗತಿಯಲ್ಲಿ 18 ಜನ, ಅವರಲ್ಲಿ ಮೂವರು ಹೆಂಗಸರು.

ಇದು ವಿದ್ಯಾರ್ಥಿಗಳ ಮಾತಾಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆ ಕಟ್ಟಡಗಳ ಉಳಿದ ಕೋಣೆಗಳು. ಆಸ್ಪತ್ರೆಯ ನಕ್ಷೆಗೆ ರೂಪು ಕೊಟ್ಟ ಜಾನ್ ಶಾ ಬಿಲಿಂಗ್ಸ್ ಸೈನ್ಯದ ವೈದ್ಯರು ನಿಜ, ಆದರೆ ಅವರ ಹೆಸರು ಉಳಿದದ್ದು ಪುಸ್ತಕದ ಕೆಲಸದಿಂದ. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡುವ 'ಇಂಡೆಕ್ಸ್ ಮೆಡಿಕಸ್' ಎಂಬ ಸೂಚಿಯನ್ನು ಅವರು 1879ರಲ್ಲಿ ಆರಂಭಿಸಿದರು. ಇಂದು ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಹುಡುಕುವ ಪಬ್‌ಮೆಡ್ ಎಂಬುದು ಅದರ ವಂಶದ್ದೇ. ಜನಗಣತಿಯ ಅಂಕಿಗಳನ್ನು ತೂತು ಹೊಡೆದ ಕಾರ್ಡುಗಳಿಂದ ಎಣಿಸುವ ಯಂತ್ರದ ಸುಳಿವನ್ನು ಹಾಲರಿತ್ ಎಂಬ ಇಂಜಿನಿಯರನಿಗೆ ಕೊಟ್ಟವರೂ ಅವರೇ. ಆಸ್ಪತ್ರೆಯ ಮೊದಲ ಅಧೀಕ್ಷಕ ಹೆನ್ರಿ ಹರ್ಡ್ 1889ರಿಂದ 1911ರವರೆಗೆ ಆಡಳಿತ ನಡೆಸಿದರು. ಅವರ ಹೆಸರನ್ನು ಕೇಳಿದವರು ಕಡಿಮೆ. ದೊಡ್ಡ ಡಾಕ್ಟರುಗಳ ನಾಲ್ವರ ಚಿತ್ರಪಟ ಎಲ್ಲ ಪುಸ್ತಕದಲ್ಲೂ ಇದೆ, ಅಷ್ಟೂ ವರ್ಷ ಅಡುಗೆಮನೆಯಿಂದ ಕಡತದವರೆಗೆ ಎಲ್ಲವನ್ನೂ ನಡೆಸಿದವರು ಆ ಚಿತ್ರಪಟದಲ್ಲಿಲ್ಲ.

1894ರ ಜನವರಿಯಲ್ಲಿ ಜರ್ಮನಿಯ ಲೈಪ್ಸಿಗ್‌ನಿಂದ ಮ್ಯಾಕ್ಸ್ ಬ್ರೋಡೆಲ್ ಎಂಬ ತರುಣ ಚಿತ್ರಕಾರ ಬಾಲ್ಟಿಮೋರಿಗೆ ಬಂದಿಳಿದರು. ಶಸ್ತ್ರವೈದ್ಯ ಹೊವಾರ್ಡ್ ಕೆಲಿಯವರ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವರ ಕೆಲಸ. ಬ್ರೋಡೆಲ್ ಕಂಡದ್ದನ್ನು ಕಂಡಂತೆ ನಕಲು ಮಾಡುವವರಾಗಿರಲಿಲ್ಲ. ಮೊದಲು ತಾವೇ ಅಂಗರಚನೆಯನ್ನು ಅಭ್ಯಾಸ ಮಾಡಿ, ಅರ್ಥವಾದ ಮೇಲೆ ಗೆರೆ ಎಳೆಯುವವರು. 1911ರಲ್ಲಿ ಅವರಿಗಾಗಿ ವೈದ್ಯಕೀಯ ಶಾಲೆಯೊಳಗೇ ಒಂದು ಚಿತ್ರಕಲಾ ವಿಭಾಗ ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿಂದ 'ವೈದ್ಯಕೀಯ ಚಿತ್ರಕಾರ' ಎಂಬುದು ಒಂದು ಓದು, ಒಂದು ಉದ್ಯೋಗ ಆಯಿತು. ಜೀವಶಾಸ್ತ್ರದ ನೋಟುಪುಸ್ತಕದಲ್ಲಿ ಕಪ್ಪೆಯ ಹೃದಯವನ್ನು ಅಂದವಾಗಿ ಬರೆಯುವ ನಮ್ಮ ಮಕ್ಕಳಿಗೆ ಇಂಥದೊಂದು ಕೆಲಸ ಲೋಕದಲ್ಲಿದೆ ಎಂದು ನಾವು ಯಾರಾದರೂ ಎಂದಾದರೂ ಹೇಳಿದ್ದೇವೆಯೇ?

ಭಾಷೆ ಓದಿದವರಿಗೂ ವೈದ್ಯಕೀಯ ಶಿಕ್ಷಣದಲ್ಲಿ ಕೆಲಸವಿತ್ತೆಂಬುದಕ್ಕೆ ಬಾಲ್ಟಿಮೋರಿನವರೆಗೆ ಹೋಗಬೇಕಾಗಿಲ್ಲ. ಹೈದರಾಬಾದಿನಲ್ಲಿ 1917ರಲ್ಲಿ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆ ಹುಟ್ಟಿತು, ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ. ಮೌಲ್ವಿ ಅಬ್ದುಲ್ ಹಕ್ ಅವರು ಆ ಅನುವಾದ ಸಂಸ್ಥೆಯ ಮೊದಲ ಮುಖ್ಯಸ್ಥರು. ಉರ್ದುವಿನಲ್ಲಿ ವಿಜ್ಞಾನ, ವೈದ್ಯ ಕಲಿಸಬೇಕಾದರೆ ಪಠ್ಯಪುಸ್ತಕ ಬೇಕು, ಪಾರಿಭಾಷಿಕ ಪದ ಬೇಕು. ಒಂದೊಂದು ಪದಕ್ಕೂ ಅರಬ್ಬಿ, ಫಾರಸಿ, ಇಂಗ್ಲಿಷು ಬಲ್ಲವರು ಕೂತು ಚರ್ಚಿಸುತ್ತಿದ್ದರು. ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಅದೇ ಸಂಸ್ಥಾನದಲ್ಲಿದ್ದವು. ಆ ವಿಷಯ ಬೇರೆಯೇ ಒಂದು ಲೇಖನವಾಗುವಷ್ಟಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಅಮೆರಿಕಕ್ಕೆ ಮರಳೋಣ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ನೋಡಿ ವರದಿ ಬರೆದರು. ಅವರು ಸ್ವತಃ ವೈದ್ಯರಲ್ಲ, ಒಂದು ಶಾಲೆ ನಡೆಸಿದ ಮೇಷ್ಟ್ರು ಎಂಬುದು ನನಗೆ ಒಳಗೊಳಗೇ ಸಂತೋಷ ಕೊಡುವ ಸಂಗತಿ. ಅವರ ದೃಷ್ಟಿಯಲ್ಲಿ ಮಾದರಿ ಶಾಲೆ ಹಾಪ್ಕಿನ್ಸ್. ಪ್ರಯೋಗಾಲಯವಿಲ್ಲದ, ಹಣಕ್ಕೆ ಪದವಿ ಮಾರುವ ಅನೇಕ ಶಾಲೆಗಳು ನಂತರದ ವರ್ಷಗಳಲ್ಲಿ ಮುಚ್ಚಿದವು. ಒಳ್ಳೆಯದೇ ಆಯಿತು ಎನ್ನಬಹುದು. ಆದರೆ ಕಪ್ಪು ಜನಾಂಗದವರಿಗಾಗಿದ್ದ ಏಳು ಶಾಲೆಗಳಲ್ಲಿ ಐದು ಮುಚ್ಚಿ ಎರಡೇ ಉಳಿದವು. ಬಿಳಿಯರ ಶಾಲೆಗಳು ಅವರಿಗೆ ಬಾಗಿಲು ತೆರೆಯಲಿಲ್ಲ. ಮಟ್ಟ ಏರಿಸುವ ಸುಧಾರಣೆಯೇ ಒಂದು ಸಮುದಾಯದ ಮಕ್ಕಳಿಗೆ ಗೋಡೆಯಾಯಿತು. 1913ರಲ್ಲಿ ರಾಕ್‌ಫೆಲರ್ ದತ್ತಿಯಿಂದ ಹಾಪ್ಕಿನ್ಸ್‌ಗೆ 15 ಲಕ್ಷ ಡಾಲರು ಬಂತು. ಪ್ರಾಧ್ಯಾಪಕರು ಖಾಸಗಿ ಚಿಕಿತ್ಸೆಯ ಗಳಿಕೆ ಬಿಟ್ಟು ಪೂರ್ತಿ ಹೊತ್ತು ಬೋಧನೆ, ಸಂಶೋಧನೆಯಲ್ಲಿರಬೇಕೆಂಬುದು ಅದರ ಉದ್ದೇಶ. ಪ್ರಾಧ್ಯಾಪಕ ಪೂರ್ತಿ ಹೊತ್ತು ಸಂಶೋಧನೆ ಮಾಡತೊಡಗಿದರೆ ಅವನ ಪ್ರಯೋಗಾಲಯದಲ್ಲೂ ಪೂರ್ತಿ ಹೊತ್ತಿನ ಸಹಾಯಕರು ಬೇಕಾಗುತ್ತಾರೆ. ಪ್ರಯೋಗಾಲಯ ತಂತ್ರಜ್ಞ ಎಂಬ ಹುದ್ದೆಗೆ ಬಲ ಬಂದದ್ದು ಹೀಗೆ.

ಈಗ ಈ ಲೇಖನ ಬರೆಯಲು ಕಾರಣನಾದ ಮನುಷ್ಯನ ವಿಷಯ ಹೇಳಬೇಕು.

ವಿವಿಯನ್ ಥಾಮಸ್ 1910ರಲ್ಲಿ, ಅಂದರೆ ಫ್ಲೆಕ್ಸ್‌ನರ್ ವರದಿ ಬಂದ ವರ್ಷವೇ, ಲೂಸಿಯಾನಾ ರಾಜ್ಯದಲ್ಲಿ ಒಬ್ಬ ಕಪ್ಪು ಜನಾಂಗದ ಬಡಗಿಯ ಮಗನಾಗಿ ಹುಟ್ಟಿದರು. ಬೆಳೆದದ್ದು ನ್ಯಾಶ್‌ವಿಲ್ ಪಟ್ಟಣದಲ್ಲಿ. ಹೈಸ್ಕೂಲು ಮುಗಿಸಿ, ತಂದೆಯಿಂದ ಕಲಿತ ಬಡಗಿ ಕೆಲಸ ಮಾಡುತ್ತ ಕಾಲೇಜಿಗೆಂದು ಹಣ ಕೂಡಿಸುತ್ತಿದ್ದರು. ವೈದ್ಯನಾಗಬೇಕೆಂಬುದು ಆಸೆ. 1929ರ ಆರ್ಥಿಕ ಕುಸಿತದಲ್ಲಿ ಬಡಗಿ ಕೆಲಸ ಹೋಯಿತು. 1930ರ ಫೆಬ್ರುವರಿಯಲ್ಲಿ, ಸದ್ಯಕ್ಕೆ ಇರಲಿ ಎಂದುಕೊಂಡು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಎಂಬ ತರುಣ ಶಸ್ತ್ರವೈದ್ಯರ ಪ್ರಯೋಗಾಲಯಕ್ಕೆ ಸೇರಿದರು. ವಾರಕ್ಕೆ 12 ಡಾಲರು. ಕೆಲವೇ ತಿಂಗಳಲ್ಲಿ ಅವರು ಹಣ ಇಟ್ಟಿದ್ದ ಬ್ಯಾಂಕು ಮುಳುಗಿತು. ಕಾಲೇಜಿನ ಹಣ ಹೋಯಿತು. ಸದ್ಯದ ಕೆಲಸವೇ ಬದುಕಾಯಿತು.

ಸೇರಿದ ಹೊಸತರಲ್ಲೇ ಒಂದು ಪ್ರಸಂಗ ನಡೆಯಿತು. ಏನೋ ತಪ್ಪಾಯಿತೆಂದು ಬ್ಲಾಲಾಕ್ ಕೆಟ್ಟ ಮಾತುಗಳಲ್ಲಿ ಬೈದರು. ಥಾಮಸ್ ಎದುರು ಕೂಗಲಿಲ್ಲ. ಬಟ್ಟೆ ಬದಲಿಸಿಕೊಂಡು ಬಂದು, ಇಂಥ ಮಾತು ಕೇಳಿಸಿಕೊಂಡು ಬೆಳೆದವನು ನಾನಲ್ಲ, ಲೆಕ್ಕ ಚುಕ್ತಾ ಮಾಡಿ ಎಂಬ ಅರ್ಥದಲ್ಲಿ ಹೇಳಿದರು. ಅದು ಕೆಲಸಕ್ಕಾಗಿ ಜನ ಸಾಲುಗಟ್ಟಿ ನಿಂತಿದ್ದ ಕಾಲ; ಹೇಳಿದವನು ದಕ್ಷಿಣ ರಾಜ್ಯದ ಕಪ್ಪು ಹುಡುಗ, ಕೇಳಿಸಿಕೊಂಡವನು ಬಿಳಿಯ ವೈದ್ಯ. ಬ್ಲಾಲಾಕ್ ಕ್ಷಮೆ ಕೇಳಿ, ಇನ್ನು ಹಾಗೆ ಮಾಡುವುದಿಲ್ಲವೆಂದು ಮಾತು ಕೊಟ್ಟರು. ಅಲ್ಲಿಂದ 34 ವರ್ಷ ಅವರಿಬ್ಬರೂ ಜೊತೆಯಾಗಿ ಕೆಲಸ ಮಾಡಿದರು.

ಕೆಲಸವೆಂದರೆ ಎಂಥದ್ದು? ಅಂಗರಚನೆ, ಶರೀರಕ್ರಿಯೆ, ರಸಾಯನ ವಿಶ್ಲೇಷಣೆ ಎಲ್ಲವನ್ನೂ ಥಾಮಸ್ ಪುಸ್ತಕ ಓದಿ, ಕೈಯಲ್ಲಿ ಮಾಡಿ ಕಲಿತರು. ನಾಯಿಗಳ ಮೇಲಿನ ಶಸ್ತ್ರಕ್ರಿಯೆಗಳನ್ನು ತಾವೇ ಮಾಡತೊಡಗಿದರು. ಪೆಟ್ಟು ಬಿದ್ದವರು 'ಷಾಕ್' ಸ್ಥಿತಿಗೆ ಹೋಗುವುದು ದೇಹದೊಳಗೆ ಯಾವುದೋ ವಿಷ ಹುಟ್ಟುವುದರಿಂದ ಎಂದು ಅನೇಕರು ನಂಬಿದ್ದಾಗ, ರಕ್ತ ಮತ್ತು ದ್ರವ ಸೋರಿಹೋಗುವುದೇ ಕಾರಣವೆಂದು ಆ ಪ್ರಯೋಗಾಲಯ ತೋರಿಸಿತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳಿಗೆ ರಕ್ತ ಮತ್ತು ಪ್ಲಾಸ್ಮಾ ಕೊಟ್ಟು ಬದುಕಿಸುವ ಚಿಕಿತ್ಸೆಗೆ ಈ ತಿಳಿವಳಿಕೆ ಆಧಾರವಾಯಿತು. ಇಷ್ಟೆಲ್ಲ ಆಗುವಾಗ ವಿಶ್ವವಿದ್ಯಾಲಯದ ಸಂಬಳದ ಪಟ್ಟಿಯಲ್ಲಿ ಥಾಮಸ್ ಅವರ ಹುದ್ದೆ ಏನೆಂದು ಬರೆದಿತ್ತು ಗೊತ್ತೇ? ಜಾನಿಟರ್, ಅಂದರೆ ಕಸ ಗುಡಿಸಿ ನೆಲ ಒರೆಸುವವರ ದರ್ಜೆ. ಅದೇ ಕೆಲಸ ಮಾಡುವ ಬಿಳಿಯರಿಗಿಂತ ತಮಗೆ ಏಕೆ ಕಡಿಮೆ ಬರುತ್ತಿದೆಯೆಂದು ವಿಚಾರಿಸಿದಾಗ ಇದು ಅವರಿಗೆ ತಿಳಿಯಿತು. ಕಸ ಗುಡಿಸುವುದು ಕೀಳೆಂದು ನಾನು ಹೇಳುತ್ತಿಲ್ಲ. ಮಾಡುವ ಕೆಲಸ ಒಂದು, ಕಾಗದದಲ್ಲಿ ಬರೆದ ಕೆಲಸ ಇನ್ನೊಂದು ಎಂಬುದು ಇಲ್ಲಿನ ಅನ್ಯಾಯ. ಕೇಳಿದ ಮೇಲೆ ಸಂಬಳ ಏರಿತು. ಕೇಳದಿದ್ದರೆ?

1941ರಲ್ಲಿ ಬ್ಲಾಲಾಕ್ ಹಾಪ್ಕಿನ್ಸ್‌ನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ಥಾಮಸ್ ಅವರೂ ಬರಬೇಕೆಂದು ಹಟ ಹಿಡಿದು ಕರೆತಂದರು. ಬಾಲ್ಟಿಮೋರಿನಲ್ಲಿ ಕಪ್ಪು ಜನರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಅಲ್ಲಿ ಕಪ್ಪು ಜನರು ಮಾಡುತ್ತಿದ್ದುದು ಹೆಚ್ಚಾಗಿ ಕಸಗುಡಿಸುವಂಥ ಕೆಲಸಗಳನ್ನೇ. ಬಿಳಿ ಕೋಟು ಹಾಕಿ ನಡುಮನೆಯಲ್ಲಿ ನಡೆದುಹೋಗುವ ಥಾಮಸ್ ಅವರನ್ನು ಜನ ನಿಂತು ನೋಡುತ್ತಿದ್ದರು. ಮನೆ ನಡೆಸಲು ಸಂಬಳ ಸಾಲದೆ ಬಡಗಿ ಕೆಲಸಕ್ಕೇ ಮರಳುವ ಯೋಚನೆಯೂ ಅವರಿಗೆ ಬಂದಿತ್ತು. ಬ್ಲಾಲಾಕ್ ಅವರ ಮನೆಯ ಔತಣಗಳಲ್ಲಿ ಪಾನೀಯ ಹಂಚುವ ಕೆಲಸ ಮಾಡಿ ಕೆಲವು ಡಾಲರು ಗಳಿಸಿದ್ದೂ ಉಂಟು. ಹಗಲಿನಲ್ಲಿ ತಾನು ಶಸ್ತ್ರಕ್ರಿಯೆ ಕಲಿಸಿದ ತರುಣ ವೈದ್ಯರಿಗೇ ಸಂಜೆ ಲೋಟ ಕೊಡುವುದು!

ಅದೇ ಶಾಲೆಯಲ್ಲಿ ಹೆಲೆನ್ ಟಾಸಿಗ್ ಎಂಬ ವೈದ್ಯೆ ಮಕ್ಕಳ ಹೃದ್ರೋಗ ವಿಭಾಗ ನೋಡಿಕೊಳ್ಳುತ್ತಿದ್ದರು. ಗ್ಯಾರೆಟ್ ಅವರ ಷರತ್ತು ಇಲ್ಲಿ ಫಲ ಕೊಟ್ಟಿತೆನ್ನಬೇಕು. ಹಾರ್ವರ್ಡ್ ವೈದ್ಯಕೀಯ ಶಾಲೆ ಹೆಂಗಸೆಂಬ ಕಾರಣಕ್ಕೆ ಪದವಿ ಕೊಡಲು ಒಪ್ಪದಿದ್ದಾಗ ಅವರು ಹಾಪ್ಕಿನ್ಸ್‌ಗೆ ಬಂದು 1927ರಲ್ಲಿ ವೈದ್ಯೆಯಾದರು. ಕಿವಿ ಸರಿಯಾಗಿ ಕೇಳಿಸದ ಕಾರಣ ಮಕ್ಕಳ ಎದೆಬಡಿತವನ್ನು ಬೆರಳಿನಿಂದ ಮುಟ್ಟಿ ತಿಳಿಯುವುದನ್ನು ರೂಢಿಸಿಕೊಂಡಿದ್ದರು. ಹುಟ್ಟಿನಿಂದ ಹೃದಯದ ದೋಷವಿದ್ದು, ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗದೆ, ತುಟಿ ಉಗುರು ನೀಲಿಯಾಗಿ ಸಾಯುವ ಮಕ್ಕಳನ್ನು ಅವರು ಅಸಹಾಯಕರಾಗಿ ನೋಡುತ್ತಿದ್ದರು. ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ಹೆಚ್ಚಿಸುವ ದಾರಿ ಏನಾದರೂ ಇದೆಯೇ ಎಂದು 1943ರಲ್ಲಿ ಬ್ಲಾಲಾಕ್ ಮತ್ತು ಥಾಮಸ್ ಅವರನ್ನು ಕೇಳಿದರು. ತೋಳಿಗೆ ಹೋಗುವ ಒಂದು ರಕ್ತನಾಳವನ್ನು ಶ್ವಾಸಕೋಶದ ರಕ್ತನಾಳಕ್ಕೆ ಜೋಡಿಸುವ ಕ್ರಮವನ್ನು ವಾಂಡರ್‌ಬಿಲ್ಟ್‌ನಲ್ಲಿದ್ದಾಗ ಬೇರೊಂದು ಉದ್ದೇಶಕ್ಕೆ ಅವರು ಮಾಡಿ ನೋಡಿದ್ದರು. ಈಗ ಅದನ್ನೇ ಹಿಡಿದು ಥಾಮಸ್ ಸುಮಾರು ಎರಡು ವರ್ಷ, ಸುಮಾರು 200 ನಾಯಿಗಳ ಮೇಲೆ ಕೆಲಸ ಮಾಡಿದರು. ಅಷ್ಟು ಸಣ್ಣ ನಾಳಗಳಿಗೆ ತಕ್ಕ ಸಲಕರಣೆ ಆಗ ಇರಲಿಲ್ಲ. ಇದ್ದ ಸೂಜಿಗಳನ್ನೇ ತುಂಡುಮಾಡಿ ಮಸೆದು ಚೂಪು ಮಾಡಿಕೊಂಡರು. ಬಡಗಿಯ ಕೈ ಅಲ್ಲವೇ.

1944ರ ನವೆಂಬರ್ 29ರಂದು ಒಂದೂಕಾಲು ವರ್ಷದ ಹೆಣ್ಣುಮಗುವಿನ ಮೇಲೆ ಆ ಶಸ್ತ್ರಕ್ರಿಯೆ ಮೊದಲ ಬಾರಿಗೆ ನಡೆಯಿತು. ಚಾಕು ಹಿಡಿದವರು ಬ್ಲಾಲಾಕ್. ಅವರ ಬೆನ್ನ ಹಿಂದೆ ಒಂದು ಸಣ್ಣ ಮೆಟ್ಟಿಲಿನ ಮೇಲೆ ಥಾಮಸ್ ನಿಂತಿದ್ದರು. ನಾಯಿಯ ಮೇಲೆ ಈ ಜೋಡಣೆಯನ್ನು ಮತ್ತೆ ಮತ್ತೆ ಮಾಡಿದ್ದ ಕೈ ಥಾಮಸ್ ಅವರದು, ಬ್ಲಾಲಾಕ್ ಅವರಿಗೆ ಇದ್ದ ಅಭ್ಯಾಸ ತೀರ ಕಡಿಮೆ. ಹೊಲಿಗೆ ಯಾವ ದಿಕ್ಕಿನಲ್ಲಿ, ಎಷ್ಟು ಹತ್ತಿರ ಎಂದು ಬ್ಲಾಲಾಕ್ ಕೇಳುತ್ತ ಹೋದರು, ಥಾಮಸ್ ಹೇಳುತ್ತ ಹೋದರು. ಮಗು ಅಂದು ಬದುಕಿತು. ಕೆಲವು ತಿಂಗಳ ನಂತರ ಆ ಮಗು ತೀರಿಕೊಂಡಿತಾದರೂ ದಾರಿ ತೆರೆದಿತ್ತು. ಒಂದು ವರ್ಷದೊಳಗೆ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಅಲ್ಲಿ ಈ ಶಸ್ತ್ರಕ್ರಿಯೆಯಾಯಿತು. 1945ರ ಮೇ ತಿಂಗಳಲ್ಲಿ ಪ್ರಕಟವಾದ ಸಂಶೋಧನಾ ಲೇಖನದಲ್ಲಿ ಇಬ್ಬರ ಹೆಸರಿತ್ತು: ಬ್ಲಾಲಾಕ್, ಟಾಸಿಗ್. ಥಾಮಸ್ ಅವರ ಹೆಸರು ಎಲ್ಲಿಯೂ ಇರಲಿಲ್ಲ.

1946ರ ಹೊತ್ತಿಗೆ ಅವರ ಸಂಬಳ ಚೆನ್ನಾಗಿ ಏರಿತು. 1947ರಲ್ಲಿ ವೈದ್ಯನಾಗುವ ಹಳೆಯ ಆಸೆ ಮತ್ತೊಮ್ಮೆ ತಲೆಯೆತ್ತಿತು. ಕಾಲೇಜಿನಲ್ಲಿ ವಿಚಾರಿಸಿದರೆ ಅವರು ಮಾಡಿದ ಯಾವ ಕೆಲಸಕ್ಕೂ ಅಲ್ಲಿ ಲೆಕ್ಕವಿಲ್ಲ, ಮೊದಲ ವರ್ಷದಿಂದಲೇ ಕೂರಬೇಕು. ವೈದ್ಯರಾಗುವಷ್ಟರಲ್ಲಿ ಐವತ್ತು ತುಂಬುತ್ತಿತ್ತು. ಬಿಟ್ಟುಬಿಟ್ಟರು. ಆದರೆ ಡೆಂಟನ್ ಕೂಲಿಯಂಥ ಮುಂದೆ ಲೋಕಪ್ರಸಿದ್ಧರಾದ ಹೃದಯ ಶಸ್ತ್ರವೈದ್ಯರು ಅವರ ಪ್ರಯೋಗಾಲಯದಲ್ಲಿ ಪಳಗಿದರು. ಅವರು ತರಬೇತಿ ಕೊಟ್ಟ ತಂತ್ರಜ್ಞರೂ ಅನೇಕರು. ಲಿಫ್ಟ್ ನಡೆಸುತ್ತಿದ್ದ ಒಬ್ಬರು ಅವರ ಕೈಕೆಳಗೆ ಕಲಿತು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸಹಾಯಕರಾದರು. ಬ್ಲಾಲಾಕ್ 1964ರಲ್ಲಿ ತೀರಿಕೊಂಡರು. 1971ರಲ್ಲಿ ಹಳೆಯ ಶಿಷ್ಯರೆಲ್ಲ ಸೇರಿ ಥಾಮಸ್ ಅವರ ವರ್ಣಚಿತ್ರ ಬರೆಸಿ ಸಂಸ್ಥೆಗೆ ಕೊಟ್ಟರು. ಅದನ್ನು ಬ್ಲಾಲಾಕ್ ಅವರ ಚಿತ್ರದ ಬಳಿ ತೂಗುಹಾಕಲಾಯಿತು. 1976ರಲ್ಲಿ ಗೌರವ ಡಾಕ್ಟರೇಟ್ ಬಂತು. ಅದೂ ವೈದ್ಯಕೀಯದ್ದಲ್ಲ, ಕಾನೂನು ವಿಷಯದ್ದು. ಅದರೊಂದಿಗೆ ಬೋಧಕ ವರ್ಗದಲ್ಲಿ ಹೆಸರೂ ಸೇರಿತು, ಮೂರು ವರ್ಷದಲ್ಲಿ ನಿವೃತ್ತಿ. 1985ರಲ್ಲಿ ಅವರು ತೀರಿಕೊಂಡ ಆಸುಪಾಸಿನಲ್ಲೇ ಆತ್ಮಕಥೆ ಅಚ್ಚಾಗಿ ಹೊರಬಂತು. 2004ರಲ್ಲಿ ಅವರ ಜೀವನದ ಮೇಲೆ ಚಲನಚಿತ್ರವೂ ಬಂತು. ಬ್ಲಾಲಾಕ್-ಟಾಸಿಗ್ ಎಂದು ಹೆಸರಾಗಿದ್ದ ಆ ಶಸ್ತ್ರಕ್ರಿಯೆಗೆ ನಡುವೆ ಥಾಮಸ್ ಹೆಸರನ್ನೂ ಸೇರಿಸಿ ಬರೆಯುವವರು ಈಚೆಗೆ ಹೆಚ್ಚುತ್ತಿದ್ದಾರೆ.

ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನು ಇಲ್ಲಿ ನೆನೆಯದಿರಲಾರೆ. 1920ರ ದಶಕದ ಆರಂಭದಲ್ಲಿ ಹಾರ್ವರ್ಡ್‌ಗೆ ಹೋಗಿ, ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡುತ್ತ ಓದಿದವರು. 1925ರಲ್ಲಿ ಫಿಸ್ಕ್ ಎಂಬುವರ ಜೊತೆ ಅವರು ಪ್ರಕಟಿಸಿದ ರಂಜಕ ಅಳೆಯುವ ವಿಧಾನವನ್ನು ಜೀವರಸಾಯನದ ವಿದ್ಯಾರ್ಥಿಗಳು ಇಂದಿಗೂ ಅವರ ಹೆಸರಿನಿಂದಲೇ ಓದುತ್ತಾರೆ. ಅಂಥವರಿಗೂ ವಿಶ್ವವಿದ್ಯಾಲಯ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಔಷಧ ಕಂಪೆನಿಯೊಂದಕ್ಕೆ ಹೋದರು. ಆನೆಕಾಲು ರೋಗಕ್ಕೆ ನಮ್ಮ ಕರಾವಳಿಯಲ್ಲಿ ಮನೆಮನೆಗೆ ಹಂಚಿದ ಮಾತ್ರೆ ಅವರ ತಂಡದ ಕೆಲಸದಿಂದ ಬಂದದ್ದು.

ಆಡಳಿತದ ಹುದ್ದೆಗಳ ಕಥೆ ಇನ್ನೊಂದು ರೀತಿಯದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸರಕಾರ ವೈದ್ಯಕೀಯ ಸಂಶೋಧನೆಗೆ ಅಪಾರ ಅನುದಾನ ಕೊಡತೊಡಗಿತು. ಅನುದಾನವೆಂದರೆ ಅರ್ಜಿ, ಆಯವ್ಯಯ ಪಟ್ಟಿ, ಖರ್ಚಿನ ವರದಿ, ತಪಾಸಣೆ. ಇದಕ್ಕೆಂದೇ ವಿಶ್ವವಿದ್ಯಾಲಯಗಳಲ್ಲಿ 'ಸಂಶೋಧನಾ ಆಡಳಿತ' ಎಂಬ ಕಚೇರಿಗಳು ಬೆಳೆದವು. ಆದರೆ ಹಣಕ್ಕಿಂತಲೂ ಹೆಚ್ಚಾಗಿ ತಪ್ಪುಗಳು ಈ ಹುದ್ದೆಗಳನ್ನು ಹುಟ್ಟಿಸಿದವು ಎಂಬುದು ನನ್ನ ಅಭಿಪ್ರಾಯ. 1951ರಲ್ಲಿ ಹಾಪ್ಕಿನ್ಸ್ ಆಸ್ಪತ್ರೆಗೆ ಕ್ಯಾನ್ಸರ್ ಚಿಕಿತ್ಸೆಗೆ ಬಂದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ ಅವರಿಗೆ ತಿಳಿಸದೆ ಒಂದು ಚೂರು ತೆಗೆಯಲಾಯಿತು. ಪ್ರಯೋಗಾಲಯದ ಸಹಾಯಕಿ ಮೇರಿ ಕುಬಿಚೆಕ್ ಅದನ್ನು ಕತ್ತರಿಸಿ ಗಾಜಿನ ನಳಿಕೆಗಳಲ್ಲಿಟ್ಟು 'ಹೀಲಾ' ಎಂದು ಹೆಸರು ಬರೆದರು. ಆ ಜೀವಕೋಶಗಳು ಸಾಯದೆ ಬೆಳೆಯುತ್ತಲೇ ಹೋಗಿ ಲೋಕದ ಪ್ರಯೋಗಾಲಯಗಳನ್ನೆಲ್ಲ ತುಂಬಿದವು. ಮನೆಯವರಿಗೆ ಎರಡು ದಶಕ ಸುದ್ದಿಯೇ ಇರಲಿಲ್ಲ. 2023ರಲ್ಲಷ್ಟೇ ಆ ಕೋಶಗಳಿಂದ ಲಾಭ ಮಾಡಿದ ಒಂದು ಕಂಪೆನಿಯೊಡನೆ ಕುಟುಂಬದ ರಾಜಿಯಾಯಿತು. ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ರೋಗಿಗಳಿಗೆ ಬೇಕೆಂದೇ ಚಿಕಿತ್ಸೆ ಕೊಡದೆ ನೋಡುತ್ತ ಕೂತ ಸಂಗತಿ 1972ರಲ್ಲಿ ಬಯಲಾದ ಮೇಲೆ, 1974ರಲ್ಲಿ ಕಾನೂನು ಬಂದು ಮನುಷ್ಯರ ಮೇಲಿನ ಸಂಶೋಧನೆಗೆ ಪರಿಶೀಲನಾ ಮಂಡಳಿ ಕಡ್ಡಾಯವಾಯಿತು.

ಮಂಡಳಿ ಇದ್ದ ಮಾತ್ರಕ್ಕೆ ಸಾಲದು. 2001ರಲ್ಲಿ ಹಾಪ್ಕಿನ್ಸ್‌ನಲ್ಲೇ ಅಸ್ತಮಾ ಕುರಿತ ಪ್ರಯೋಗವೊಂದರಲ್ಲಿ ಆರೋಗ್ಯವಂತ ತರುಣಿಯೊಬ್ಬಳು ಒಂದು ರಾಸಾಯನಿಕವನ್ನು ಉಸಿರಿನ ಮೂಲಕ ತೆಗೆದುಕೊಂಡು ತೀರಿಕೊಂಡಳು. ವಯಸ್ಸು 24. ಅವಳು ಅದೇ ಸಂಸ್ಥೆಯ ಪ್ರಯೋಗಾಲಯ ತಂತ್ರಜ್ಞೆ. ಆ ರಾಸಾಯನಿಕ ಶ್ವಾಸಕೋಶಕ್ಕೆ ಹಾನಿಮಾಡಬಲ್ಲದೆಂದು 1950ರ ದಶಕದ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಸಂಶೋಧಕರು ಹುಡುಕಿದ ಕಂಪ್ಯೂಟರ್ ಸೂಚಿಯಾದರೋ ಆಗ 1966ರಿಂದ ಈಚಿನದನ್ನಷ್ಟೇ ತೋರಿಸುತ್ತಿತ್ತು. ಬಿಲಿಂಗ್ಸ್ ಕಾಲದಿಂದ ಬಂದ ಹಳೆಯ ದಪ್ಪ ಸಂಪುಟಗಳು ಗ್ರಂಥಾಲಯದ ಕಪಾಟಿನಲ್ಲೇ ಇದ್ದವು. ಅವುಗಳನ್ನು ತಿರುವಬಲ್ಲ ಗ್ರಂಥಪಾಲಕರನ್ನು ಕೇಳಿದ್ದರೆ ಆ ಹುಡುಗಿ ಉಳಿಯುತ್ತಿದ್ದಳೋ ಏನೋ. ಜುಲೈ ತಿಂಗಳಲ್ಲಿ ಸರಕಾರ ಅಲ್ಲಿನ ತನ್ನ ಅನುದಾನದ ಮಾನವ ಸಂಶೋಧನೆಯನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ಕೆಲವು ದಿನ ನಿಲ್ಲಿಸಿಬಿಟ್ಟಿತು. ನಂತರ ಪರಿಶೀಲನಾ ಮಂಡಳಿಗಳ ಸಂಖ್ಯೆ ಹೆಚ್ಚಿತು, ಅವುಗಳಿಗೆ ಸಿಬ್ಬಂದಿಯೂ ಹೆಚ್ಚಿತು. ಕಡತ ನೋಡುವ ಗುಮಾಸ್ತನ ಕೆಲಸ ಎಂದು ನಾವು ಹಗುರವಾಗಿ ಆಡುತ್ತೇವಲ್ಲ, ಆ ಕೆಲಸದ ತೂಕ ಇಷ್ಟು.

ನಮ್ಮಲ್ಲಿಯೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರು ಕಾನೂನು ಬಲ್ಲವರು, ಒಬ್ಬ ಮಹಿಳೆಯಾದರೂ ಇರಲೇಬೇಕು. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇದರಿಂದಾಗಿ ಒಮ್ಮೆ ಒಂದು ಆಸ್ಪತ್ರೆಯವರು ಕನ್ನಡದ ಒಪ್ಪಿಗೆ ಪತ್ರವನ್ನು ಉರ್ದುವಿಗೆ ಮಾಡಿಕೊಡಿ ಎಂದು ನನ್ನಲ್ಲಿಗೆ ಬಂದಿದ್ದರು. ಕನ್ನಡದಲ್ಲಿ 'ಯಾದೃಚ್ಛಿಕವಾಗಿ' ಎಂದಿತ್ತು. ಅದು ಕನ್ನಡದವರಿಗೇ ಅರ್ಥವಾಗುವ ಹಾಗಿರಲಿಲ್ಲ! ಯಾವ ರೋಗಿಗೆ ಯಾವ ಔಷಧಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ ಎಂದು ಅವರು ವಿವರಿಸಿದ ಮೇಲೆ 'ಖುರಾ ಅಂದಾಜಿ' ಎಂದು ಬರೆದೆ. ನಮ್ಮ ಓಣಿಯ ಚೀಟಿಫಂಡಿನ ಹೆಂಗಸರಿಗೂ ಗೊತ್ತಿರುವ ಮಾತು. ಒಂದು ಸಂಜೆಯ ಆ ಕೆಲಸಕ್ಕೆ ಅವರು ಕೊಟ್ಟ ಹಣಕ್ಕಿಂತ, ಮೆಡಿಕಲ್ ಕಾಲೇಜಿನಲ್ಲಿ ನನಗೂ ಕೆಲಸವಿದೆಯಲ್ಲ ಎಂಬ ಆಶ್ಚರ್ಯವೇ ದೊಡ್ಡದಾಗಿತ್ತು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಶೋಧನಾ ಯೋಜನೆಗಳ ಹುದ್ದೆಗಳು ಅನುದಾನವಿರುವ ತನಕ ಮಾತ್ರ. 2025ರ ಮಾರ್ಚಿನಲ್ಲಿ ಅಮೆರಿಕದ ಸರಕಾರ ವಿದೇಶಿ ನೆರವಿನ ಅನುದಾನಗಳನ್ನು ಕಡಿತ ಮಾಡಿದಾಗ ಹಾಪ್ಕಿನ್ಸ್‌ನಂಥ ಸಂಸ್ಥೆಯೇ 80 ಕೋಟಿ ಡಾಲರು ಕಳೆದುಕೊಂಡು, 44 ದೇಶಗಳಲ್ಲಿದ್ದ 1,975 ಮತ್ತು ಅಮೆರಿಕದೊಳಗಿನ 247 ಹುದ್ದೆಗಳನ್ನು ತೆಗೆಯಬೇಕಾಯಿತು. ಆದ್ದರಿಂದ ಡಿ.ಎಂ.ಎಲ್.ಟಿ., ಬಿ.ಎಸ್ಸಿ. ಎಂ.ಎಲ್.ಟಿ., ಗ್ರಂಥಾಲಯ ವಿಜ್ಞಾನ, ಸಂಖ್ಯಾಶಾಸ್ತ್ರ, ಆಸ್ಪತ್ರೆ ಆಡಳಿತ ಯಾವುದನ್ನೇ ಆರಿಸಿ, ಕೈಗೆ ಒಂದು ವಿದ್ಯೆ ಅಂಟುವ ಹಾಗೆ ಕಲಿಯಿರಿ; ಯೋಜನೆ ಮುಗಿದರೂ ಅದು ನಿಮ್ಮೊಡನೆ ಬರುತ್ತದೆ.

ಬೇಕರಿಯವರ ಮಗಳು ಬಿ.ಎಸ್ಸಿ. ಎಂ.ಎಲ್.ಟಿ. ಸೇರಿದಳು. ಅದರಲ್ಲಿ ನನ್ನ ಪಾಲು ಹೆಚ್ಚಿಲ್ಲ, ಥಾಮಸ್ ಅವರ ಕಥೆಯನ್ನು ಒಂದು ಭಾನುವಾರ ತಂದೆ ಮಗಳಿಬ್ಬರಿಗೂ ಕೂರಿಸಿ ಹೇಳಿದ್ದೆ, ಅಷ್ಟೆ. ಓದು, ತರಬೇತಿ ಮುಗಿಸಿ ಹೋದ ತಿಂಗಳು ಒಂದು ಮೆಡಿಕಲ್ ಕಾಲೇಜಿನ ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಕ್ಕಿತೆಂದು ಫೋನು ಮಾಡಿದಳು. ಶುಭಾಶಯ ಹೇಳುವ ಮೊದಲು ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಏನೆಂದು ಬರೆದಿದ್ದಾರೆ, ಓದು ಎಂದೆ. ನಕ್ಕಳು. "ಅದನ್ನೇ ಮೊದಲು ನೋಡಿದೆ ಸರ್. ಲ್ಯಾಬ್ ಅಟೆಂಡರ್ ಅಂತಿತ್ತು. ನಾನು ಮಾಡೋದು ಟೆಕ್ನೀಷಿಯನ್ ಕೆಲಸ ಅಲ್ವಾ ಅಂತ ಆಫೀಸಿನಲ್ಲಿ ಕೇಳಿದೆ. ತಿದ್ದಿ ಕೊಟ್ಟಿದ್ದಾರೆ. ಹನ್ನೊಂದು ತಿಂಗಳಿಗೆ."